ಡಬ್ಬಿಯ ಮೇಲಿನ ಅಶ್ವಶಕ್ತಿಯನ್ನು ನಂಬಬಹುದೇ?

ಪ್ರಶ್ನೆ: ರೇಡಿಯೊ ನಿಯಂತ್ರಣದ ಮಾದರಿ ವಿಮಾನ ಹಾರಿಸುವುದು ನನ್ನ ಹವ್ಯಾಸ. ಇಷ್ಟು ಕಾಲ ಗ್ಲೋ ಎಂಜಿನ್ನಿನ ಚಿಕ್ಕ ವಿಮಾನಗಳನ್ನೇ ಹಾರಿಸಿದ್ದೇನೆ. ಈಗ ಎರಡು ಮೀಟರಿಗೂ ಹೆಚ್ಚು ಅಗಲದ ರೆಕ್ಕೆಯ ದೊಡ್ಡ ವಿಮಾನ ಕಟ್ಟುತ್ತಿದ್ದೇನೆ. ಅದಕ್ಕೆಂದು 55 ಸಿಸಿಯ ಹೊಸ ಪೆಟ್ರೋಲ್ ಎಂಜಿನ್ ತರಿಸಿದ್ದೇನೆ. ಡಬ್ಬಿಯ ಮೇಲೆ 5.5 ಅಶ್ವಶಕ್ತಿ ಎಂದು ಬರೆದಿದೆ. ಇದನ್ನು ನಂಬಬಹುದೇ? ವಿಮಾನಕ್ಕೆ ಕೂರಿಸುವ ಮೊದಲು ಎಂಜಿನ್ ಒಳ್ಳೆಯದೋ ಅಲ್ಲವೋ ಎಂದು ನಾವೇ ಪರೀಕ್ಷಿಸಿ ತಿಳಿಯುವ ದಾರಿ ಇದೆಯೇ?
— ಓದುಗರೊಬ್ಬರು, ಮೈಸೂರು

ಉತ್ತರ: ದಾರಿ ಇದೆ, ಅದಕ್ಕೆ ಪ್ರಯೋಗಾಲಯವೇನೂ ಬೇಕಿಲ್ಲ. ಅಲುಗಾಡದ ಬೆಂಚು, ಬೆಳಕಿನ ಮೂಲಕ ಸುತ್ತು ಎಣಿಸುವ ಟ್ಯಾಕೋಮೀಟರ್, ಕೊಕ್ಕೆಯಿರುವ ಡಿಜಿಟಲ್ ತಕ್ಕಡಿ, ಅಳತೆ ಗೆರೆಯ ಬಾಟಲಿ ಮತ್ತು ಒಂದು ನೋಟ್‌ಬುಕ್ ಇದ್ದರೆ ಸಾಕು. ಆದರೆ ನೀವು ಕೇಳಿರುವುದು ಎರಡು ಪ್ರಶ್ನೆ. ಎಂಜಿನ್ನಿಗೆ ಹೇಳಿದಷ್ಟು ಶಕ್ತಿ ಇದೆಯೇ ಎಂಬುದು ಒಂದು, ಎಂಜಿನ್ ಒಳ್ಳೆಯದೇ ಎಂಬುದು ಇನ್ನೊಂದು. ಈ ಗಾತ್ರದ ವಿಮಾನಕ್ಕೆ ಎರಡನೆಯದೇ ಮುಖ್ಯ. ಶಕ್ತಿ ತುಸು ಕಡಿಮೆ ಬಿದ್ದರೆ ಬೇರೆ ಪ್ರೊಪೆಲ್ಲರ್ ಹಾಕಿ ಸರಿದೂಗಿಸಬಹುದು. ನಡು ಆಕಾಶದಲ್ಲಿ ನಿಂತುಹೋಗುವ ಎಂಜಿನ್ನಿಗೆ ಪರಿಹಾರವಿಲ್ಲ. ಕೆಳಗೆ ಜನ ಇರುತ್ತಾರೆ, ಮೇಲಿರುವುದು ಎಂಟು ಹತ್ತು ಕಿಲೋ ತೂಕದ ವಸ್ತು. ಆದ್ದರಿಂದ ಮೊದಲು ಅಶ್ವಶಕ್ತಿಯ ಲೆಕ್ಕ ಮುಗಿಸಿ, ಬಳಿಕ ನಂಬಿಕೆಯ ಪರೀಕ್ಷೆಗೆ ಹೋಗೋಣ.

5.5 ಎಂದರೆ ಎಷ್ಟು?

ಈ ವರ್ಗದಲ್ಲಿ ಹೆಚ್ಚು ಬಳಕೆಯಲ್ಲಿರುವ ಚೀನಾದ ಡಿಎಲ್‌ಇ-55 ಎಂಜಿನ್ನನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಸಿಲಿಂಡರಿನ ಒಳವ್ಯಾಸ 45 ಮಿ.ಮೀ., ಪಿಸ್ಟನ್ನಿನ ಓಟ 35 ಮಿ.ಮೀ.; ಲೆಕ್ಕ ಹಾಕಿದರೆ ಸುಮಾರು 55.7 ಸಿಸಿ. ತಯಾರಕರು ಹೇಳುವ 5.5 ಅಶ್ವಶಕ್ತಿ ನಿಮಿಷಕ್ಕೆ 7,500 ಸುತ್ತಿನಲ್ಲಿ ಸಿಗುವಂಥದ್ದು. ಈ 7,500 ಎಂಬ ಅಂಕಿಯನ್ನು ಹೆಚ್ಚಿನವರು ಓದದೆ ಬಿಡುತ್ತಾರೆ. ಈ ಗಾತ್ರದ ಎಂಜಿನ್ನಿಗೆ ಸಾಮಾನ್ಯವಾಗಿ ಹಾಕುವುದು 22×8 ಪ್ರೊಪೆಲ್ಲರ್, ಅಂದರೆ 22 ಇಂಚು ವ್ಯಾಸ, ಒಂದು ಸುತ್ತಿಗೆ 8 ಇಂಚು ಮುಂದೆ ಸಾಗುವಷ್ಟು ತಿರುಚು. ಅದನ್ನು ಹಾಕಿ ನೆಲದ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟರೆ ಎಂಜಿನ್ 7,000ದ ಆಸುಪಾಸಿನಲ್ಲಿ ಓಡುತ್ತದೆ. ಅಂದರೆ ಡಬ್ಬಿಯ ಮೇಲಿನ ಶಕ್ತಿ ಹುಟ್ಟುವ ವೇಗವನ್ನೇ ಅದು ನೆಲದಲ್ಲಿ ಮುಟ್ಟುವುದಿಲ್ಲ.

ಪ್ರೊಪೆಲ್ಲರ್ ನುಂಗುವ ಶಕ್ತಿ ಅದರ ಸುತ್ತಿನ ಘನಕ್ಕೆ ಅನುಗುಣವಾಗಿ ಏರುತ್ತದೆ. 7,500 ಸುತ್ತಿನಲ್ಲಿ 5.5 ಅಶ್ವಶಕ್ತಿ ಬೇಡುವ ಪ್ರೊಪೆಲ್ಲರ್ 7,000 ಸುತ್ತಿನಲ್ಲಿ ಬೇಡುವುದು ಸುಮಾರು 4.5 ಮಾತ್ರ. ಈ ಘನದ ನಿಯಮ ನಿಮ್ಮ ಕೈಗೆ ಒಳ್ಳೆಯ ಅಳತೆಗೋಲನ್ನೇ ಕೊಡುತ್ತದೆ. ಒಂದೇ ಪ್ರೊಪೆಲ್ಲರನ್ನು ಒಂದು ಎಂಜಿನ್ 6,800 ಸುತ್ತು, ಇನ್ನೊಂದು 7,000 ಸುತ್ತು ತಿರುಗಿಸಿದರೆ ವ್ಯತ್ಯಾಸ ಬರೀ 200 ಸುತ್ತು ಎಂದು ಕಾಣುತ್ತದೆ. ಲೆಕ್ಕದಲ್ಲಿ ಎರಡನೆಯದು ಶೇ. 9ರಷ್ಟು ಹೆಚ್ಚು ಶಕ್ತಿ ಕೊಡುತ್ತಿದೆ, ಎಳೆತ ಶೇ. 6ರಷ್ಟು ಹೆಚ್ಚು. ಪ್ರೊಪೆಲ್ಲರಿನ ವ್ಯಾಸದ ಪ್ರಭಾವ ಇನ್ನೂ ತೀವ್ರ. ಅದೇ ಆಕಾರದಲ್ಲಿ 22 ಇಂಚಿನ ಬದಲು 23 ಇಂಚು ಹಾಕಿ ಅದೇ ಸುತ್ತು ಬೇಕೆಂದರೆ ಸುಮಾರು ಕಾಲು ಪಾಲು ಹೆಚ್ಚು ಶಕ್ತಿ ಬೇಕು.

ಹೀಗಾಗಿ ಪ್ರೊಪೆಲ್ಲರಿನ ಹೆಸರು ಹೇಳದ ಅಶ್ವಶಕ್ತಿಯಿಂದ ನಿಮಗೆ ಉಪಯೋಗ ಕಡಿಮೆ. ಡಬ್ಬಿಯ ಅಂಕಿಯನ್ನು ಸುಳ್ಳು ಎನ್ನಬೇಕಿಲ್ಲ. ಅದು ನಿಮ್ಮ ವಿಮಾನಕ್ಕೆ ಸಿಗುವ ಶಕ್ತಿಯಲ್ಲ, ಅಷ್ಟೇ. ನಿಮಗೆ ಬೇಕಾದದ್ದು ಇಂಥ ಪ್ರೊಪೆಲ್ಲರನ್ನು ಇಂಥ ದಿನ ಇಷ್ಟು ಸುತ್ತು ತಿರುಗಿಸಿತು ಎಂಬ ನಿಮ್ಮದೇ ದಾಖಲೆ.

ಸ್ಟಾರ್ಟ್ ಮಾಡುವ ಮುಂಚೆ

ಡಬ್ಬಿ ಬಿಚ್ಚಿದ ಕೂಡಲೇ ತೂಗಿ ನೋಡಿ. ಜಾಹೀರಾತಿನ ತೂಕ ಹೆಚ್ಚಾಗಿ ಬರಿಯ ಎಂಜಿನ್ನಿನದು. ಮಫ್ಲರ್, ಇಗ್ನಿಷನ್ ಪೆಟ್ಟಿಗೆ, ಅದರ ಬ್ಯಾಟರಿ, ಕೂರಿಸುವ ಕಂಬಗಳು, ಬೋಲ್ಟು, ಪ್ರೊಪೆಲ್ಲರ್, ಸ್ಪಿನ್ನರ್ ಎಲ್ಲ ಸೇರಿದಾಗ 1.4 ಕಿಲೋ ಎಂಜಿನ್ ಎರಡು ಕಿಲೋ ಸಮೀಪಿಸುತ್ತದೆ. ಇಷ್ಟೂ ಮೂಗಿನ ಕಡೆಗೇ ಬೀಳುವುದರಿಂದ ನಿಮ್ಮ ವಿಮಾನದ ಸಮತೋಲದ ಲೆಕ್ಕ ಈ ಒಟ್ಟು ತೂಕದಿಂದಲೇ ಶುರುವಾಗಬೇಕು.

ಬಳಿಕ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಒಂಟಿ ಸಿಲಿಂಡರಿನ ಎಂಜಿನ್ ಅದುರುವುದು ಸಹಜ, ಅದುರಿದ್ದು ಸಡಿಲವಾಗುವುದೂ ಸಹಜ. ಮಫ್ಲರ್, ಕಾರ್ಬ್ಯುರೇಟರ್, ಪ್ರೊಪೆಲ್ಲರಿನ ಹಬ್ ಇವುಗಳ ಬೋಲ್ಟು ಗಟ್ಟಿಯಿರಬೇಕು. ತಯಾರಕರು ಹೇಳಿದ ಕಡೆ ಥ್ರೆಡ್ ಲಾಕ್ ಅಂಟು ಹಾಕಿರಬೇಕು. ಕ್ರ್ಯಾಂಕನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಆಟ ಇರಬಾರದು. ಪ್ರೊಪೆಲ್ಲರ್ ಕೂರಿಸಿ, ಒಂದು ಪೆನ್ನನ್ನು ಅದರ ತುದಿಯ ಹತ್ತಿರ ಅಲುಗದಂತೆ ನಿಲ್ಲಿಸಿ, ಕೈಯಿಂದ ಮೆಲ್ಲಗೆ ತಿರುಗಿಸಿ. ಎರಡೂ ತುದಿಗಳು ಪೆನ್ನಿನಿಂದ ಒಂದೇ ಅಂತರದಲ್ಲಿ ಹಾದುಹೋದರೆ ಹಬ್ ನೇರವಾಗಿದೆ. ವ್ಯತ್ಯಾಸ ಕಂಡರೆ ಪ್ರೊಪೆಲ್ಲರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ ಮತ್ತೆ ನೋಡಿ. ದೋಷ ಪ್ರೊಪೆಲ್ಲರಿನದಾದರೆ ಅದೇ ಅಲಗಿನ ಜೊತೆ ಹೋಗುತ್ತದೆ, ಹಬ್‌ನದಾದರೆ ಅಲ್ಲೇ ಉಳಿಯುತ್ತದೆ.

ಇಗ್ನಿಷನ್ ಆಫ್ ಇರುವಾಗ ಪ್ರೊಪೆಲ್ಲರ್ ತಿರುಗಿಸಿ ಒತ್ತಡವನ್ನೂ ಗಮನಿಸಿ. ಹೊಸ ಎಂಜಿನ್ನಿನಲ್ಲಿ ರಿಂಗ್ ಇನ್ನೂ ಗೋಡೆಗೆ ಹೊಂದಿಕೊಂಡಿರುವುದಿಲ್ಲ, ಕಂಪ್ರೆಷನ್ ತುಸು ಮೆದುವಾಗಿಯೇ ಇರುತ್ತದೆ. ಅದರಿಂದ ಗಾಬರಿ ಬೇಡ. ಪ್ಲಗ್ಗಿನ ತೂತಿಗೆ ಹಾಕುವ ಕಂಪ್ರೆಷನ್ ಗೇಜ್ ಯಾವ ಬೈಕ್ ಮೆಕ್ಯಾನಿಕ್ ಹತ್ತಿರವಾದರೂ ಸಿಗುತ್ತದೆ. ಇಂದಿನ ಅಂಕಿ ಬರೆದಿಟ್ಟು, ರನ್ನಿಂಗ್-ಇನ್ (ಹೊಸ ಎಂಜಿನ್ ಪಳಗಿಸುವ ಓಟ) ಮುಗಿದ ಮೇಲೆ ಮತ್ತೆ ಅಳೆಯಿರಿ. ಅದು ಏರಿರಬೇಕು. ಸ್ಪಾರ್ಕ್ ಪ್ಲಗ್ಗಿನ ಬಾಯಿಯ ಅಂತರ 0.4ರಿಂದ 0.5 ಮಿ.ಮೀ. ಇದೆಯೇ ಎಂದೂ ನೋಡಿಕೊಳ್ಳಿ. ಎಂಜಿನ್ ಸುಮ್ಮನೆ ಸತಾಯಿಸುವ ಎಷ್ಟೋ ಸಂದರ್ಭಗಳಲ್ಲಿ ಕಾರಣ ಅಲ್ಲೇ ಇರುತ್ತದೆ.

ಗ್ಲೋ ಎಂಜಿನ್ನಿನಿಂದ ಬರುವವರಿಗೆ ಒಂದು ವಿಶೇಷ ಎಚ್ಚರಿಕೆ. ಅದರ ಮೆಥನಾಲ್ ಇಂಧನಕ್ಕೆ ಬಳಸುವ ಸಿಲಿಕೋನ್ ನಳಿಗೆ ಪೆಟ್ರೋಲಿನಲ್ಲಿ ಉಬ್ಬಿ ಮೆತ್ತಗಾಗಿ ಕಳಚಿಕೊಳ್ಳುತ್ತದೆ. ಟ್ಯಾಂಕಿನ ರಬ್ಬರ್ ಬಿರಡೆಯೂ ಅಷ್ಟೇ. ಟೈಗಾನ್‌ನಂಥ ಪೆಟ್ರೋಲ್ ತಾಳುವ ನಳಿಗೆ, ಪೆಟ್ರೋಲಿನದೇ ಬಿರಡೆ, ಟ್ಯಾಂಕಿನೊಳಗೆ ಫೆಲ್ಟ್ ಫಿಲ್ಟರ್ ಹಾಕದೆ ಎಂಜಿನ್ನಿನ ಗುಣ ಅಳೆಯಲು ಹೊರಟರೆ ನೀವು ಅಳೆಯುವುದು ನಳಿಗೆಯ ದೋಷವನ್ನು.

ಕಾರ್ಬ್ಯುರೇಟರ್ ಅರ್ಥವಾದರೆ ಅರ್ಧ ಕೆಲಸ ಮುಗಿಯಿತು

ದೊಡ್ಡ ಮಾದರಿ ವಿಮಾನಗಳಿಗೆ ಮೊದಮೊದಲು ಬಂದ ಪೆಟ್ರೋಲ್ ಎಂಜಿನ್ನುಗಳು ಮರ ಕೊಯ್ಯುವ ಚೈನ್ ಸಾ ಮತ್ತು ಹುಲ್ಲು ಕತ್ತರಿಸುವ ಯಂತ್ರಗಳ ಎಂಜಿನ್ನುಗಳೇ. ಜಪಾನಿನ ಜೆನೋವಾ ಆ ಪೀಳಿಗೆಯ ಹೆಸರು. ಅಮೆರಿಕದ ಡೆಸರ್ಟ್ ಏರ್‌ಕ್ರಾಫ್ಟ್, ಜರ್ಮನಿಯ 3ಡಬ್ಲ್ಯು ಮುಂತಾದವರು ವಿಮಾನಕ್ಕೆಂದೇ ಹಗುರವಾದ ಎಂಜಿನ್ ಮಾಡಿದರು. ಆದರೂ ಕಾರ್ಬ್ಯುರೇಟರ್ ಮಾತ್ರ ಇಂದಿಗೂ ಆ ತೋಟದ ಯಂತ್ರಗಳ ಜಾತಿಯದೇ, ಅಮೆರಿಕದ ವಾಲ್‌ಬ್ರೋ ಕಂಪನಿಯದೋ ಅದೇ ಮಾದರಿಯದೋ ಆಗಿರುತ್ತದೆ. ಮಲೆನಾಡಿನ ಅಡಿಕೆ, ಕಾಫಿ ತೋಟಗಳಲ್ಲಿ ಓಡುವ ಹುಲ್ಲು ಕತ್ತರಿಸುವ ಯಂತ್ರವನ್ನು ರಿಪೇರಿ ಮಾಡುವವರಿಗೆ ಪೆಟ್ರೋಲ್ ಹರಿವು ಹೊಂದಿಸುವ ಇದರ ಎಲ್, ಎಚ್ ಎಂಬ ಎರಡು ಸೂಜಿಗಳು ಚಿರಪರಿಚಿತ. ನಿಮಗೆ ಅನುಮಾನ ಬಂದಾಗ ವಿಚಾರಿಸಲು ಅವರು ಒಳ್ಳೆಯ ಗುರುಗಳು.

ಬೈಕಿನ ಕಾರ್ಬ್ಯುರೇಟರಿನಲ್ಲಿ ಬಟ್ಟಲು ಮತ್ತು ತೇಲುವ ಬೆಂಡು ಇರುತ್ತದೆ. ಮಗುಚಿದರೆ ಪೆಟ್ರೋಲ್ ಚೆಲ್ಲುತ್ತದೆ. ವಿಮಾನ ತಲೆಕೆಳಗಾಗಿಯೂ ಹಾರಬೇಕು. ಅದಕ್ಕಾಗಿ ಇಲ್ಲಿ ಎರಡು ತೆಳು ಪೊರೆಗಳು, ಅಂದರೆ ಡಯಾಫ್ರಾಮ್‌ಗಳು, ಕೆಲಸ ಮಾಡುತ್ತವೆ. ಒಂದು ಕ್ರ್ಯಾಂಕ್ ಕೋಣೆಯ ಒತ್ತಡದ ಏರಿಳಿತದಿಂದ ಮಿಡಿಯುತ್ತ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಇನ್ನೊಂದು ಹೊರಗಿನ ಗಾಳಿಯ ಒತ್ತಡವನ್ನು ಆಧಾರವಾಗಿಟ್ಟುಕೊಂಡು ಎಷ್ಟು ಪೆಟ್ರೋಲ್ ಬಿಡಬೇಕೆಂದು ನಿರ್ಧರಿಸುತ್ತದೆ. ಗ್ಯಾಸ್ಕೆಟ್ ಒಂದಿಷ್ಟು ಓರೆಯಾಗಿ ಕೂತು ಆ ಮಿಡಿತದ ದಾರಿ ಮುಚ್ಚಿಹೋದರೆ ಸೂಜಿಯನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಹೊಸ ಎಂಜಿನ್ ಪೆಟ್ರೋಲ್ ಎಳೆಯದಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ಟ್ಯೂನಿಂಗ್ ಕ್ರಮ ಹೀಗಿದೆ. ತಯಾರಕರು ಹೇಳಿದಷ್ಟು, ಸಾಮಾನ್ಯವಾಗಿ ಒಂದೂವರೆ ಸುತ್ತಿನ ಆಸುಪಾಸು, ಎರಡೂ ಸೂಜಿ ತೆರೆದು ಶುರು ಮಾಡಿ. ಮೊದಲು ಎಲ್ ಸೂಜಿ: ನಿಧಾನ ಓಟ ಹದವಾಗಿರಬೇಕು, ಥ್ರಾಟಲ್ ಎಳೆದ ಕೂಡಲೇ ಪಿಕಪ್ ಬರಬೇಕು. ಥ್ರಾಟಲ್ ಕೊಟ್ಟಾಗ ಉಸಿರು ಕಟ್ಟಿದಂತೆ ನಿಂತರೆ ಮಿಶ್ರಣ ಲೀನ್ ಆಗಿದೆ, ಅಂದರೆ ಪೆಟ್ರೋಲ್ ಸಾಲದು. ಗುಳುಗುಳು ಸದ್ದು ಮಾಡಿ ಹೊಗೆ ಕಾರಿದರೆ ರಿಚ್ ಆಗಿದೆ. ಆಮೇಲೆ ಎಚ್ ಸೂಜಿ: ಪೂರ್ತಿ ಥ್ರಾಟಲ್‌ನಲ್ಲಿ ಗರಿಷ್ಠ ಸುತ್ತು ಹುಡುಕಿ, ಅಲ್ಲಿಂದ 100–200 ಸುತ್ತು ಇಳಿಯುವಷ್ಟು ಸೂಜಿ ತೆರೆದು ಬಿಡಿ. ಆಕಾಶದಲ್ಲಿ ವಿಮಾನ ಮುಂದೆ ಸಾಗುವುದರಿಂದ ಪ್ರೊಪೆಲ್ಲರಿನ ಹೊರೆ ತಗ್ಗಿ ಸುತ್ತು ಏರುತ್ತದೆ. ನೆಲದ ಮೇಲೆ ತುತ್ತತುದಿಗೆ ಹೊಂದಿಸಿದ ಎಂಜಿನ್ ಮೇಲೆ ಹೋದಾಗ ಲೀನ್ ಆಗಿ ಕಾಯುತ್ತದೆ. ಇಲ್ಲಿ ಬಿಟ್ಟುಕೊಟ್ಟ ಆ 200 ಸುತ್ತು ಎಂಜಿನ್ನಿನ ಆಯುಷ್ಯಕ್ಕೆ ತೆತ್ತ ಬೆಲೆ. ಅದನ್ನು ಸಂತೋಷದಿಂದ ತೆರಬೇಕು.

ನಮ್ಮ ಬಂಕಿನ ಪೆಟ್ರೋಲ್

ಅಮೆರಿಕ, ಯುರೋಪಿನಲ್ಲಿ ಬರೆದ ಪರೀಕ್ಷಾ ವರದಿ ಓದಿ ಎಂಜಿನ್ ಕೊಳ್ಳುವವರು ಮರೆಯುವ ವಿಷಯ ಇಂಧನ. ಶೇ. 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಶುದ್ಧ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಎಥನಾಲಿಗೆ 9 ಪಾಲು ಸಾಕು. ಇ20ಕ್ಕೆ ಇದು 13.5ರ ಸುತ್ತ ಬರುತ್ತದೆ. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಹರಿಯಬೇಕು. ಕಾರ್ಖಾನೆಯವರು ಬೇರೆ ಪೆಟ್ರೋಲಿಗೆ ಹೊಂದಿಸಿ ಕಳಿಸಿದ ಸೂಜಿ ನಮ್ಮಲ್ಲಿ ಲೀನ್ ಆಗುವುದು ಇದರಿಂದ. ಸೂಜಿಯನ್ನು ಇನ್ನಷ್ಟು ತೆರೆಯಬೇಕು, ಅದೆಷ್ಟು ಎಂಬುದನ್ನು ಎಂಜಿನ್ನಿನ ಸದ್ದು ಮತ್ತು ಟ್ಯಾಕೋಮೀಟರ್ ಹೇಳುತ್ತವೆ.

ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಇಟ್ಟ ಕ್ಯಾನಿನಲ್ಲಿ ನೀರು ಮತ್ತು ಎಥನಾಲ್ ಬೇರೆಯಾಗಿ ತಳಕ್ಕಿಳಿಯಬಹುದು. ಡಯಾಫ್ರಾಮ್, ನಳಿಗೆ ಕೂಡ ಕಾಲಕ್ರಮೇಣ ಬಿರುಸಾಗುತ್ತವೆ. ಪರೀಕ್ಷೆಗೆ ತಾಜಾ ಪೆಟ್ರೋಲ್ ತನ್ನಿ. ದಿನದ ಕೊನೆಗೆ ಟ್ಯಾಂಕ್ ಬರಿದು ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದನ್ನು ಎಂಜಿನ್ ಓಡಿಸಿಯೇ ಮುಗಿಸಿ.

ಎಣ್ಣೆಯ ವಿಷಯ ಮೈಸೂರಿನವರಿಗೆ ಹೊಸದಲ್ಲ. ನಿಮ್ಮ ಊರಿನಲ್ಲೇ ತಯಾರಾಗುತ್ತಿದ್ದ ಯೆಜ್ದಿ ಬೈಕಿಗೆ ಪೆಟ್ರೋಲ್ ಜೊತೆ 2ಟಿ ಆಯಿಲ್ ಬೆರೆಸಿದ ಹಿರಿಯರು ಇನ್ನೂ ಇದ್ದಾರೆ. ಇಲ್ಲಿಯ ತತ್ವವೂ ಅದೇ. ಒಂದು ಲೀಟರ್ ಪೆಟ್ರೋಲಿಗೆ 32:1 ಎಂದರೆ 31 ಮಿ.ಲೀ., 40:1 ಎಂದರೆ 25 ಮಿ.ಲೀ., 50:1 ಎಂದರೆ 20 ಮಿ.ಲೀ. ಎಣ್ಣೆ. ಶುರುವಿನಲ್ಲಿ ತಯಾರಕರು ಹೇಳಿದ ದಪ್ಪ ಮಿಶ್ರಣವನ್ನೇ ಬಳಸಿ. ಪ್ರಮಾಣ ಮತ್ತು ಎಣ್ಣೆಯ ಹೆಸರು ನೋಟ್‌ಬುಕ್ ಸೇರಬೇಕು. ಎಣ್ಣೆ ಬದಲಾದರೆ ಸೂಜಿಯ ಹೊಂದಾಣಿಕೆಯೂ ಬದಲಾಗುತ್ತದೆ.

ಬೆಂಚಿನ ಮೇಲೆ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. 22 ಇಂಚಿನ ಪ್ರೊಪೆಲ್ಲರ್ 7,000 ಸುತ್ತಿನಲ್ಲಿ ತಿರುಗುವಾಗ ಅದರ ತುದಿ ಸೆಕೆಂಡಿಗೆ 200 ಮೀಟರಿಗೂ ಹೆಚ್ಚು, ಅಂದರೆ ಗಂಟೆಗೆ 700 ಕಿ.ಮೀ. ಮೀರಿದ ವೇಗದಲ್ಲಿರುತ್ತದೆ. ಬೆಂಚನ್ನು ನೆಲಕ್ಕೆ ಗೂಟ ಹೊಡೆದು ಕಟ್ಟಬೇಕು. ಪ್ರೊಪೆಲ್ಲರ್ ಸುತ್ತುವ ಸಮತಲದಲ್ಲಿ, ಅಂದರೆ ಅದರ ಎರಡೂ ಪಕ್ಕಗಳಲ್ಲಿ ಯಾರೂ ನಿಲ್ಲಕೂಡದು. ಸೂಜಿ ತಿರುಗಿಸುವುದು ಹಿಂದಿನಿಂದ. ಜೋಲುವ ಶಾಲು, ದುಪಟ್ಟಾ, ಕೊರಳಿನ ಐಡಿ ಕಾರ್ಡ್ ಪಟ್ಟಿ ತೆಗೆದಿಡಿ. ದಪ್ಪ ಕೈಗವಸು, ಕಿವಿಗೆ ರಕ್ಷಣೆ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಪ್ರೊಪೆಲ್ಲರ್ ಇಲ್ಲದೆ ಎಂಜಿನ್ ಓಡಿಸಲೇಬೇಡಿ. ಹೊರೆಯಿಲ್ಲದ ಎಂಜಿನ್ ಮಿತಿ ಮೀರಿ ಓಡಿ ಹಾಳಾಗುತ್ತದೆ.

ಮೊದಲ ಪರೀಕ್ಷೆ ಎಂಜಿನ್ ನಿಲ್ಲುತ್ತದೆಯೇ ಎಂಬುದು. ರಿಮೋಟಿನಿಂದ ಇಗ್ನಿಷನ್ ಕತ್ತರಿಸುವ ಕಿಲ್ ಸ್ವಿಚ್ ಹಾಕಿ, ಎಂಜಿನ್ ಮೆಲ್ಲಗೆ ಓಡುವಾಗ ಒತ್ತಿ ನೋಡಿ. ಬಳಿಕ ರಿಮೋಟನ್ನೇ ಆಫ್ ಮಾಡಿ: ಥ್ರಾಟಲ್ ತಾನಾಗಿ ಇಳಿಯಬೇಕು ಅಥವಾ ಎಂಜಿನ್ ನಿಲ್ಲಬೇಕು. ಗ್ಲೋ ಎಂಜಿನ್ನಿನಲ್ಲಿ ಇಲ್ಲದ್ದು ಇಲ್ಲಿಯ ವಿದ್ಯುತ್ ಕಿಡಿ. ಕಿಡಿ ಎಂದರೆ ರೇಡಿಯೊ ಗದ್ದಲ. 2.4 ಗಿಗಾಹರ್ಟ್ಸ್ ರೇಡಿಯೊಗಳು ಬಂದ ಮೇಲೆ ಈ ಕಾಟ ಬಹಳ ತಗ್ಗಿದೆ. ಆದರೂ ಇಗ್ನಿಷನ್ನಿಗೆ ಪ್ರತ್ಯೇಕ ಬ್ಯಾಟರಿ ಕೊಟ್ಟು, ರಿಸೀವರಿನಿಂದ 30 ಸೆಂ.ಮೀ. ಆದರೂ ದೂರವಿಟ್ಟು, ಎಂಜಿನ್ ಓಡುತ್ತಿರುವಾಗಲೇ ರೇಡಿಯೊ ದೂರದ ಪರೀಕ್ಷೆ ಮಾಡಿ. ಎಂಜಿನ್ ಆಫ್ ಇದ್ದಾಗ ಸಿಕ್ಕ ದೂರ, ಓಡುವಾಗ ಸಿಕ್ಕ ದೂರ ಎರಡೂ ಒಂದೇ ಇರಬೇಕು.

ಇನ್ನು ರನ್ನಿಂಗ್-ಇನ್. ಸಿಲಿಂಡರಿನ ಒಳಗೋಡೆಗೆ ಗಟ್ಟಿ ಲೋಹದ ಲೇಪವಿರುತ್ತದೆ, ರಿಂಗ್ ಅದಕ್ಕೆ ಹೊಂದಿಕೊಳ್ಳಲು ಹಲವು ಲೀಟರ್ ಪೆಟ್ರೋಲ್ ಉರಿಯಬೇಕು. ಬೆಂಚಿನ ಮೇಲೆ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿಸುವುದು ಒಳ್ಳೆಯದಲ್ಲ. ವೇಗ ಏರಿಸಿ, ಇಳಿಸಿ, ನಡುವೆ ತಣಿಸಿ ಓಡಿಸಿ. ಪೂರ್ತಿ ಥ್ರಾಟಲ್ ಚುಟುಕಾಗಿರಲಿ. ಮೊದಲ ದಿನದ ಅಂಕಿ ನೋಡಿ ಎಂಜಿನ್ ಸಪ್ಪೆ ಎಂದು ತೀರ್ಪು ಕೊಡುವುದು ಅದಕ್ಕೆ ಮಾಡುವ ಅನ್ಯಾಯ.

ಎಂಜಿನ್ ಒಂದು ಹದಕ್ಕೆ ಬಂದ ಮೇಲೆ ಈ ನಾಲ್ಕು ಪರೀಕ್ಷೆಗಳನ್ನು ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಮಾಡಿ.

ಒಂದು, ತಣ್ಣಗಿರುವಾಗ ಸ್ಟಾರ್ಟ್: ಚೋಕ್ ಎಳೆದು ಒಂದು ಸಲ ಗುಡುಗುವವರೆಗೆ ತಿರುವಿ, ಚೋಕ್ ತೆಗೆದು ಮತ್ತೆ ತಿರುವಿ. ಎಷ್ಟು ತಿರುವಿಗೆ ಹತ್ತಿತು ಎಂದು ಬರೆಯಿರಿ. ಆ ಸಂಖ್ಯೆ ಚಿಕ್ಕದಿದ್ದರೆ ಸಂತೋಷ. ಅದಕ್ಕಿಂತ ಮುಖ್ಯವಾಗಿ ದಿನದಿಂದ ದಿನಕ್ಕೆ ಹೆಚ್ಚು ಕಡಿಮೆ ಆಗಬಾರದು.

ಎರಡು, ಕಾದಿರುವಾಗ ಸ್ಟಾರ್ಟ್: ಚೆನ್ನಾಗಿ ಓಡಿಸಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಮತ್ತೆ ಹೊತ್ತಿಸಿ. ಶಾಖ ಕಾರ್ಬ್ಯುರೇಟರಿಗೆ ಏರಿ ಪೆಟ್ರೋಲ್ ಆವಿಯಾಗುವ ಹೊತ್ತು ಅದು. ಬೇಸಿಗೆಯಲ್ಲಿ ಎಂಜಿನ್ನಿನ ಗುಣ ಇಲ್ಲಿ ಬಯಲಾಗುತ್ತದೆ.

ಮೂರು, ನಿಧಾನ ಓಟ: 1,500ರಿಂದ 1,800 ಸುತ್ತಿನಲ್ಲಿ ಎರಡು ನಿಮಿಷ ಬಿಟ್ಟು, ಒಂದೇ ಸೆಕೆಂಡಿನಲ್ಲಿ ಪೂರ್ತಿ ಥ್ರಾಟಲ್ ಕೊಡಿ. ತಡವರಿಸದೆ ಏರಬೇಕು. ಇದು ಇಳಿಯಲು ಬರುವ ವಿಮಾನ ಮತ್ತೆ ಮೇಲೇಳಬೇಕಾದ ಸ್ಥಿತಿಯೇ. ಎಲ್ಲ ಪರೀಕ್ಷೆಗಳಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಇದಕ್ಕೆ.

ನಾಲ್ಕು, ಮೂಗು ಮೇಲೆ: ಎಂಜಿನ್ ವಿಮಾನಕ್ಕೆ ಕೂತ ಮೇಲೆ, ಇಬ್ಬರು ಗಟ್ಟಿಯಾಗಿ ಹಿಡಿದು ಮೂಗನ್ನು ಮೇಲಕ್ಕೆತ್ತಿ ಪೂರ್ತಿ ಥ್ರಾಟಲ್‌ನಲ್ಲಿ ನೋಡಿ. ಸದ್ದು ಸಣಕಲಾಗಿ ಏರಿ ಕುಸಿದರೆ ಪೆಟ್ರೋಲ್ ಸಾಲುತ್ತಿಲ್ಲ.

ಅಂಕಿ ತೆಗೆಯುವಾಗ

ಟ್ಯಾಕೋಮೀಟರನ್ನೇ ಮೊದಲು ಪರೀಕ್ಷಿಸಿ. ನಮ್ಮ ವಿದ್ಯುತ್ತು 50 ಹರ್ಟ್ಸ್. ಚೋಕ್ ಇರುವ ಹಳೆಯ ಕಾಲದ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎರಡು ಅಲಗಿಗೆ ಹೊಂದಿಸಿದ ಟ್ಯಾಕೋಮೀಟರನ್ನು ಅದರ ಕೆಳಗೆ ಹಿಡಿದರೆ ಸರಿಯಾಗಿ 3,000 ತೋರಿಸಬೇಕು. ಇದಕ್ಕಿಂತ ಅಗ್ಗದ, ಖಚಿತವಾದ ತಪಾಸಣೆ ಇಲ್ಲ.

ಎಳೆತ ಅಳೆಯಲು ವಿಮಾನದ ಬಾಲಕ್ಕೆ ಹಗ್ಗ ಕಟ್ಟಿ, ಹಗ್ಗಕ್ಕೂ ಗೂಟಕ್ಕೂ ನಡುವೆ ತಕ್ಕಡಿ ಸಿಕ್ಕಿಸಿ, ನುಣುಪಾದ ನೆಲದ ಮೇಲೆ ಚಕ್ರ ಉರುಳುವಂತೆ ಬಿಡಿ. ಸುತ್ತು ಒಂದನ್ನೇ ಅಳೆದರೆ ಏಕೆ ಸಾಲದು ಎಂಬುದು ದಕ್ಷಿಣ ಕರ್ನಾಟಕದ ಬಯಲಿನಲ್ಲಿ ಹಾರಿಸುವವರಿಗೆ ತಿಳಿದಿರಬೇಕು. ಮಂಗಳೂರಿನ ಕಡಲ ಮಟ್ಟಕ್ಕೆ ಹೋಲಿಸಿದರೆ, ಅದೇ ತಾಪಮಾನದ ಲೆಕ್ಕದಲ್ಲಿ, ಮೈಸೂರಿನ ಗಾಳಿ ಸುಮಾರು ಶೇ. 8–9ರಷ್ಟು, 900 ಮೀಟರಿಗೂ ಮೇಲಿರುವ ಬೆಂಗಳೂರಿನ ಗಾಳಿ ಶೇ. 10ರಷ್ಟು ತೆಳು. ತೆಳುಗಾಳಿಯಲ್ಲಿ ಎಂಜಿನ್ನಿನ ಶಕ್ತಿ ಇಳಿಯುತ್ತದೆ. ಆದರೆ ಪ್ರೊಪೆಲ್ಲರ್ ಕಡೆಯುವುದೂ ಅದೇ ತೆಳುಗಾಳಿಯನ್ನಾದ್ದರಿಂದ ಅದರ ಹೊರೆಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಫಲವಾಗಿ ಟ್ಯಾಕೋಮೀಟರ್ ಎರಡೂ ಊರಿನಲ್ಲಿ ಬಹುತೇಕ ಒಂದೇ ಅಂಕಿ ತೋರಿಸುತ್ತದೆ, ಎಳೆತ ಮಾತ್ರ ಸದ್ದಿಲ್ಲದೆ ಕುಗ್ಗಿರುತ್ತದೆ. ಅದನ್ನು ಹಿಡಿಯುವುದು ತಕ್ಕಡಿ ಮಾತ್ರ. ಬಿಸಿಲೂ ಹೀಗೆಯೇ: 15 ಡಿಗ್ರಿಯ ಗಾಳಿಗಿಂತ ಕಲಬುರಗಿಯ ಮೇ ತಿಂಗಳ 42 ಡಿಗ್ರಿಯ ಗಾಳಿ, ಎತ್ತರದ ಲೆಕ್ಕ ಬಿಟ್ಟರೂ, ಶೇ. 8ಕ್ಕಿಂತ ಹೆಚ್ಚು ತೆಳು. ಆದ್ದರಿಂದ ಪ್ರತಿ ಅಂಕಿಯ ಪಕ್ಕದಲ್ಲಿ ಊರು, ಹೊತ್ತು, ತಾಪಮಾನ ಬರೆಯಿರಿ. ನಿಮಗೆ ಬೇಕಾದ ಎಳೆತ ಎಷ್ಟು ಎಂಬುದು ವಿಮಾನದ ಮೇಲೆ ನಿಂತಿದೆ. ಪ್ರೊಪೆಲ್ಲರಿನ ಬಲದಲ್ಲೇ ನೇರ ನಿಲ್ಲುವ ಕಸರತ್ತಿಗೆ ಎಳೆತ ವಿಮಾನದ ತೂಕವನ್ನು ಧಾರಾಳವಾಗಿ ಮೀರಬೇಕು. ಹಳೆಯ ನಿಜ ವಿಮಾನವೊಂದರ ಪ್ರತಿಕೃತಿ ಗಂಭೀರವಾಗಿ ಹಾರಲು ಅಷ್ಟು ಬೇಕಿಲ್ಲ.

ಪರಿಚಯದವರ ಬಳಿ ಅದೇ ಗಾತ್ರದ, ಚೆನ್ನಾಗಿ ಪಳಗಿದ ಎಂಜಿನ್ ಇದ್ದರೆ ಹೋಲಿಕೆ ಇನ್ನೂ ಗಟ್ಟಿಯಾಗುತ್ತದೆ. ಅದೇ ದಿನ, ಅದೇ ಪ್ರೊಪೆಲ್ಲರ್, ಅದೇ ಕ್ಯಾನಿನ ಪೆಟ್ರೋಲ್. ಮೊದಲು ಹಳೆಯದು, ಆಮೇಲೆ ಹೊಸದು, ಕೊನೆಗೆ ಮತ್ತೆ ಹಳೆಯದು. ಹಳೆಯ ಎಂಜಿನ್ನಿನ ಎರಡು ಅಂಕಿಗಳು ಹೊಂದಿದರೆ ಮಾತ್ರ ನಡುವಿನದನ್ನು ನಂಬಬಹುದು. ಅದೇ 22×8 ಅಳತೆಯ ಪ್ರೊಪೆಲ್ಲರ್ ಆದರೂ ಬೇರೆ ಕಂಪನಿಯದಾದರೆ ಹೊರೆ ಬೇರೆಯಾಗುತ್ತದೆ; ಹಾಗಾಗಿ ಅದೇ ಪ್ರೊಪೆಲ್ಲರನ್ನು ಬಿಚ್ಚಿ ಹಾಕಿ. ಪೂರ್ತಿ ಥ್ರಾಟಲ್‌ನಲ್ಲಿ ನಿಮಿಷಕ್ಕೆ ಎಷ್ಟು ಮಿ.ಲೀ. ಪೆಟ್ರೋಲ್ ಹೋಗುತ್ತದೆ ಎಂದೂ ಅಳೆಯಿರಿ. ಟ್ಯಾಂಕ್ ಗಾತ್ರ ಮತ್ತು ಹಾರಾಟದ ಸಮಯದ ಲೆಕ್ಕಕ್ಕೆ ಅದೇ ಆಧಾರ.

ಕವಚದೊಳಗೆ, ಆಕಾಶದಲ್ಲಿ

ಬೆಂಚಿನ ಮೇಲೆ ಬಂಗಾರದಂತಿದ್ದ ಎಂಜಿನ್ ವಿಮಾನದ ಮೂಗಿನ ಕವಚದೊಳಗೆ ಹೋದ ಮೇಲೆ ಮುನಿಯುವುದುಂಟು. ಕಾರಣ ಎರಡು. ಮೊದಲನೆಯದು ಗಾಳಿಯ ದಾರಿ. ಕಾದ ಗಾಳಿ ಹಿಗ್ಗುವುದರಿಂದ ಹೊರದಾರಿ ಒಳದಾರಿಗಿಂತ ಎರಡೂವರೆ ಮೂರು ಪಟ್ಟು ದೊಡ್ಡದಿರಬೇಕು, ಬಂದ ಗಾಳಿ ಸಿಲಿಂಡರಿನ ರೆಕ್ಕೆಗಳ ನಡುವೆಯೇ ಹಾಯುವಂತೆ ತಡೆಪಟ್ಟಿ ಕೂರಿಸಬೇಕು. ಎರಡನೆಯದು ಹೆಚ್ಚಿನವರ ಗಮನಕ್ಕೆ ಬಾರದ್ದು. ಹೊರಗಿನ ಒತ್ತಡವನ್ನು ನೆಚ್ಚುವ ಡಯಾಫ್ರಾಮ್ ಬಗ್ಗೆ ಮೇಲೆ ಹೇಳಿದೆ. ಅದರ ಮುಚ್ಚಳದಲ್ಲಿ ಒಂದು ಚಿಕ್ಕ ತೂತು ಇರುತ್ತದೆ. ಹಾರುವಾಗ ಕವಚದೊಳಗಿನ ಒತ್ತಡ ಬದಲಾದರೆ ಪೆಟ್ರೋಲ್ ಅಳತೆಯೂ ಬದಲಾಗುತ್ತದೆ. ನೆಲದಲ್ಲಿ ಸರಿ, ಮೇಲೆ ತೊಂದರೆ ಎಂಬ ಒಗಟಿಗೆ ಎಷ್ಟೋ ಸಲ ಇದೇ ಉತ್ತರ. ಆ ತೂತಿನಿಂದ ಸಣ್ಣ ನಳಿಗೆಯನ್ನು ವಿಮಾನದ ಒಡಲಿನೊಳಕ್ಕೆ ಎಳೆದರೆ ಪರಿಹಾರ ಸಿಗುತ್ತದೆ.

ಮೊದಲ ಹಾರಾಟ ಎತ್ತರದಲ್ಲಿ, ಮೈದಾನದ ಮೇಲೆಯೇ, ಚುಟುಕಾಗಿ ಇರಲಿ. ಎಂಜಿನ್ ನಿಂತರೂ ತೇಲಿಸಿ ಇಳಿಸಬಲ್ಲಷ್ಟು ಎತ್ತರ ಬೇಕು. ಇಳಿದ ಕೂಡಲೇ ಇನ್‌ಫ್ರಾರೆಡ್ ಥರ್ಮೋಮೀಟರಿನಿಂದ ಸಿಲಿಂಡರಿನ ಶಾಖ ನೋಡಿ ಬೆಂಚಿನ ಅಂಕಿಯೊಂದಿಗೆ ಹೋಲಿಸಿ. ಬೋಲ್ಟು ಮತ್ತೆ ಮುಟ್ಟಿ, ಪ್ಲಗ್ ಬಿಚ್ಚಿ ಬಣ್ಣ ನೋಡಿ: ಕಾಫಿಪುಡಿ ಬಣ್ಣವಿದ್ದರೆ ಹದ ಸರಿ, ಬಿಳಿಚಿದ್ದರೆ ಲೀನ್, ಒದ್ದೆ ಕಪ್ಪಿದ್ದರೆ ರಿಚ್.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ, 25 ಕೆ.ಜಿ. ಮೀರದ, ಮನರಂಜನೆ, ಶಿಕ್ಷಣ, ಸಂಶೋಧನೆಯಂಥ ಉದ್ದೇಶಗಳಿಗೆ ಮಾತ್ರ ಬಳಸುವ, ಕಣ್ಣಳತೆಯಲ್ಲೇ ಹಾರಿಸುವ ವಿಮಾನ ‘ಮಾದರಿ’ ವರ್ಗಕ್ಕೆ ಸೇರುತ್ತದೆ. ಅದಕ್ಕೆ ಟೈಪ್ ಸರ್ಟಿಫಿಕೇಟ್ ಬೇಕಿಲ್ಲ. ಆದರೆ ಕೆಂಪು, ಹಳದಿ, ಹಸಿರು ವಲಯಗಳ ವಾಯುನಕ್ಷೆ ಇಂಥ ವಿಮಾನಕ್ಕೂ ಅನ್ವಯಿಸುತ್ತದೆ. ನೀವು ಆರಿಸಿದ ಮೈದಾನ ಯಾವ ವಲಯದಲ್ಲಿದೆ ಎಂದು ಡಿಜಿಟಲ್ ಸ್ಕೈ ತಾಣದಲ್ಲಿ ನೋಡಿಯೇ ಹಾರಿಸಿ.

ತೀರ್ಮಾನ ಹೇಗೆ?

ಇಷ್ಟೆಲ್ಲ ಆದ ಮೇಲೆ ನೋಟ್‌ಬುಕ್ ಮುಂದಿಟ್ಟುಕೊಂಡು ಹೀಗೆ ತೂಗಿ. ಕಾದಾಗಲೂ ತಣ್ಣಗಿದ್ದಾಗಲೂ ಸುಲಭವಾಗಿ ಹೊತ್ತಿಕೊಂಡು, ಎರಡು ನಿಮಿಷದ ನಿಧಾನ ಓಟದಿಂದ ತಡವರಿಸದೆ ಏರಿ, ಹೇಳಿದಾಗ ನಿಂತು, ಬೇರೆ ಬೇರೆ ದಿನಗಳ ಅಂಕಿಗಳು ಹತ್ತಿರ ಹತ್ತಿರ ಇದ್ದರೆ ಅದು ಒಳ್ಳೆಯ ಎಂಜಿನ್. ಡಬ್ಬಿಯ ಮೇಲಿನ ಅಂಕಿಗಿಂತ ಅರ್ಧ ಅಶ್ವಶಕ್ತಿ ಕಡಿಮೆ ಬಂದರೂ ನಿಶ್ಚಿಂತೆಯಿಂದ ವಿಮಾನದಲ್ಲಿ ಬಳಸಿ. ಒಂದು ದಿನ 7,100, ಮರುದಿನ 6,700, ಮತ್ತೊಂದು ದಿನ ನಿಧಾನ ಓಟದಲ್ಲೇ ನಿಂತಿತು ಎಂದಾದರೆ ಕಾರಣ ಸಿಗುವವರೆಗೆ ಹಾರಿಸಬೇಡಿ. ಮೊದಲು ನಳಿಗೆ, ಫಿಲ್ಟರ್, ಪ್ಲಗ್, ಬ್ಯಾಟರಿ, ಗ್ಯಾಸ್ಕೆಟ್ ನೋಡಿ. ಅಲ್ಲೆಲ್ಲೂ ದೋಷವಿಲ್ಲದಿದ್ದರೆ ಮಾರಿದವರಿಗೆ ದಾಖಲೆ ಸಮೇತ ಮರಳಿಸಿ. ಕ್ರ್ಯಾಂಕಿನಲ್ಲಿ ಆಟ, ಬಿರುಕು, ಎಷ್ಟು ಬಿಗಿದರೂ ಸಡಿಲವಾಗುವ ಹಬ್ ಕಂಡರಂತೂ ಎರಡನೇ ಯೋಚನೆಯೇ ಬೇಡ. ಕೊಳ್ಳುವ ಮುಂಚೆಯೇ ರಿಂಗ್, ರೀಡ್, ಗ್ಯಾಸ್ಕೆಟ್, ಡಯಾಫ್ರಾಮ್ ಕಿಟ್ ನಮ್ಮ ದೇಶದಲ್ಲಿ ಸಿಗುತ್ತವೆಯೇ ಎಂದು ಕೇಳುವುದೂ ಮೌಲ್ಯಮಾಪನದ ಭಾಗವೇ. ಬಿಡಿಭಾಗ ಸಿಗದ ಎಂಜಿನ್ ಎಷ್ಟು ಚೆನ್ನಾಗಿದ್ದರೂ ಮೊದಲ ರಿಪೇರಿಯ ತನಕ ಮಾತ್ರ ನಮ್ಮದು.

ನಿಮ್ಮಲ್ಲಿ ಒಂದು ಕೋರಿಕೆ. ಪ್ರೊಪೆಲ್ಲರಿನ ಹೆಸರು, ಎಣ್ಣೆಯ ಪ್ರಮಾಣ, ಸೂಜಿಯ ಸುತ್ತು, ಊರು, ತಾಪಮಾನ, ಎಳೆತ ಇವಿಷ್ಟನ್ನೂ ಬರೆದ ಆ ನೋಟ್‌ಬುಕ್ಕಿನ ಪ್ರತಿಯನ್ನು ಮೈದಾನದಲ್ಲಿ ಸಿಗುವ ಇತರ ಹವ್ಯಾಸಿಗಳಿಗೂ ಕೊಡಿ. ಇ20 ಪೆಟ್ರೋಲ್ ಹಾಕಿ, ಏಳೆಂಟು ನೂರು ಮೀಟರ್ ಎತ್ತರದಲ್ಲಿ, ನಮ್ಮ ಬಿಸಿಲಿನಲ್ಲಿ ಒಂದು ಎಂಜಿನ್ ಹೇಗೆ ನಡೆದುಕೊಂಡಿತು ಎಂದು ಹೊರದೇಶದ ಯಾವ ವರದಿಯೂ ಅವರಿಗೆ ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಇಲ್ಲಿ ಅಳೆದು ಬರೆದ ನೀವು.